ಒಂದು ನೂಲು

ಬಾರಿಶಾಲಿನ ಲಾಂಚ್ ಘಾಟಿನಲ್ಲಿ, ಮೆಟ್ಟಿಲ ಕೆಳಗೆ
ಮೂರನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತವನು ನಾನು,
ಗೋಕುಲ್ ಋಷಿದಾಸ್. ಮುಖಗಳು ಅಷ್ಟಾಗಿ ನೆನಪಿರುವುದಿಲ್ಲ.
ಮೆಟ್ಟು ಕೊಡಿ, ಆಳು ಎಂಥವನೆಂದು ಹೇಳುತ್ತೇನೆ.

ಅವನು ಮೊದಲು ತಂದದ್ದು ಯಾರೋ ಆಡಿ ಬಿಟ್ಟ ಬೂಟು,
ಒಂದು ಸೈಜು ದೊಡ್ಡದು, ತುದಿಗೆ ತುರುಕಿದ ಹಳೇ ಪೇಪರು.
ಝಾಲೊಕಾಠಿಯ ಹುಡುಗ, ಮೊತಾಲೆಬ್ ಹಾವ್ಲಾದಾರ್,
ಪೇರಲೆ ತುಂಬಿದ ದೋಣಿಯಲ್ಲಿ ಚಿಕ್ಕಪ್ಪನ ಜೊತೆ ಬಂದಿದ್ದ.
ಅಲ್ಲಿಯವರೆಗೆ ಆಡಿದ್ದೆಲ್ಲ ಬರಿಗಾಲಲ್ಲಿ,
ಟೇಪು ಸುತ್ತಿದ ಟೆನಿಸ್ ಚೆಂಡು, ಭತ್ತ ಕೊಯ್ದ ಗದ್ದೆ,
ಅಂಗಾಲ ತುಂಬ ಕೂಳೆ ಚುಚ್ಚಿದ ಗುರುತು.
ಸ್ಟೂಲು ತೋರಿಸಿದೆ. ನನ್ನ ಗೋಣಿಯ ಮೇಲೆಯೇ ಕೂತ.
ಪೇಪರು ಕಿತ್ತು ತೊಗಲು ತುಂಬಿಕೊಟ್ಟೆ.
ದುಡ್ಡಿರಲಿಲ್ಲ; ಹತ್ತು ಪೇರಲೆ ಕೊಟ್ಟ. ಎರಡಕ್ಕೆ ಹುಳ.

ವೇಗದವನ ಬಲಗಾಲು ನೆಲ ಎಳೆಯುವ ಕಾಲು,
ಹೆಬ್ಬೆರಳ ಹತ್ತಿರ ಸವೆಯುತ್ತದೆ.
ಎಡಗಾಲು ಬೀಳುವ ಕಾಲು, ಪ್ರತಿ ಎಸೆತಕ್ಕೂ ಏಳಾಳಿನ ಭಾರ.
ಅದರ ತುದಿಗೊಂದು ತೂತು ಕೊರೆಯದಿದ್ದರೆ
ಉಗುರು ಕಪ್ಪಾಗಿ ಉದುರುತ್ತದೆ.
ಉದುರಿದ್ದೊಂದು ಬೂಟಿನೊಳಗೇ ಸಿಕ್ಕಿತ್ತು ಒಮ್ಮೆ.
ಎಸೆಯಲು ಮನಸ್ಸಾಗದೆ ಮೊಳೆ ಡಬ್ಬಿಯಲ್ಲಿಟ್ಟೆ.

ಜಿಲ್ಲೆ, ವಿಭಾಗ, ಆಮೇಲೆ ಮೀರ್‌ಪುರ.
ಕಂಪನಿಯವರು ಪುಕ್ಕಟೆ ಬೂಟು ಕೊಡತೊಡಗಿದರು,
ಆದರೂ ರಾತ್ರಿ ಲಾಂಚಿಗೆ ಹಾಕಿ ಕಳಿಸುತ್ತಿದ್ದ:
ತೂತು ನೀನೇ ಕೊರೆ ಕಾಕಾ.
ಮೀರ್‌ಪುರದ ಮಣ್ಣು ಸ್ಪಿನ್ನರುಗಳ ತವರು.
ನಾಲ್ಕು ಓವರು ಹಾಕಿಸಿ, ಚೆಂಡಿನ ಹೊಳಪು ತೆಗೆಸಿ
ಬೌಂಡರಿಗೆ ಅಟ್ಟುತ್ತಿದ್ದರು ಅವನನ್ನು,
ಅಟ್ಟೆ ಹೊಸದರ ಹಾಗೇ ವಾಪಸು ಬರುತ್ತಿತ್ತು.
ಪರದೇಶದಿಂದ ಬಂದ ಬೂಟಿಗೆ ಮಾತ್ರ ಹಸಿರು ಕಲೆ,
ಸ್ಪೈಕಿನ ಸಂದಿಯಲ್ಲಿ ನಾನು ಕಾಣದ ಊರಿನ ಕರಿಮಣ್ಣು.
ಉಳಿಯಿಂದ ಕೆದರಿ ಮೂಸಿ ನೋಡುತ್ತಿದ್ದೆ.

ನಡುವೆ ಹನ್ನೊಂದು ತಿಂಗಳು ಬೂಟೇ ಬರಲಿಲ್ಲ.
ಬೆನ್ನೆಲುಬು ಬಿರುಕು ಬಿಟ್ಟಿದೆ, ಅಂದ ಚಹಾದಂಗಡಿಯ ಲಿಯಾಕತ್.
ಆಮೇಲೆ ಬಂತು, ಎಡ ಹಿಮ್ಮಡಿ ಒಂದೇ ಪಕ್ಕ ಸವೆದು.
ನೋವು ಮುಚ್ಚಿಟ್ಟು ಓಡುವವನ ಬೂಟು ಹಾಗಿರುತ್ತದೆ.
ಯಾರಿಗೂ ಹೇಳಲಿಲ್ಲ.
ಒರಟಾದ ಅಂಚು ನುಣುಪಾಗಲೆಂದು ರಂಪಿಗೆಯಲ್ಲಿ ಕೆರೆದೆ.
ಒಂದು ನೂಲು. ಹೆಚ್ಚೆಂದರೆ ಒಂದೂವರೆ.

ಟಿವಿಯಲ್ಲಿ ಚೆಂಡು ತೋರಿಸುತ್ತಾರೆ, ಬ್ಯಾಟು ತೋರಿಸುತ್ತಾರೆ,
ಗ್ಯಾಲರಿಯಲ್ಲಿ ಅಳುವ ಮಗುವನ್ನೂ ತೋರಿಸುತ್ತಾರೆ,
ಕಾಲು ತೋರಿಸುವುದಿಲ್ಲ.
ಚಟ್ಟೋಗ್ರಾಮ್, ಐದನೆಯ ದಿನ, ಕೊನೆಯ ಜೋಡಿ.
ಸ್ಟಂಪು ಹಾರಿತು. ಘಾಟಿನ ಕೂಲಿಗಳು ಮೂಟೆ ಇಳಿಸಿ ಕುಣಿದರು.
ಅಂಪೈರು ತಡೆ ಎಂದ.
ಆಗ ತೋರಿಸಿದರು,
ಪರದೆ ತುಂಬ ಒಂದೇ ಒಂದು ಬೂಟು,
ನಿಧಾನವಾಗಿ, ಇನ್ನೂ ನಿಧಾನವಾಗಿ ಇಳಿಯುವ ಎಡಗಾಲು,
ನನ್ನ ತೂತು, ಮೇಣ ಹಚ್ಚಿದ ನನ್ನ ದಾರ,
ದೇಶವೇ ನನ್ನ ಹೊಲಿಗೆ ನೋಡುತ್ತಿದೆ.
ಬಿಳಿ ಗೆರೆಗೂ ಹಿಮ್ಮಡಿಗೂ ನಡುವೆ ಮಣ್ಣು ಕಂಡಿತು.
ಒಂದು ನೂಲು.

ಆ ಜೋಡಿ ಮತ್ತೆ ಔಟಾಗಲಿಲ್ಲ.
ಗೆದ್ದಿದ್ದರೆ ಹೆಗಲ ಮೇಲೆ ಹೊರುತ್ತಿದ್ದವರು
ಅವನ ಮನೆಯ ತಗಡಿಗೆ ಕಲ್ಲು ತೂರಿದರು.
ಇನ್ನೆರಡು ಟೆಸ್ಟು ಆಡಿಸಿ ಮರೆತರು.
ಲೆಕ್ಕದ ಪುಸ್ತಕದಲ್ಲಿ ಮೂವತ್ತೊಂದು ವಿಕೆಟು.
ಮೂವತ್ತೆರಡನೆಯದು ನನ್ನ ರಂಪಿಗೆಯ ಬಾಯಲ್ಲಿದೆ.

ಮೊನ್ನೆ ಬಂದಿದ್ದ, ಕೈಯಲ್ಲಿ ಮಗಳ ಸ್ಕೂಲ್ ಶೂ.
ಅದೇ ಗೋಣಿ. ಮಂಡಿ ಮಡಿಸಲು ಹೊತ್ತು ಹಿಡಿಯಿತು.
ಹೇಳಬೇಕೆಂದಿದ್ದೆ. ಬಾಯಲ್ಲಿ ಮೊಳೆಗಳಿದ್ದವು.
ಅಟ್ಟೆ ಕೂರಿಸಿ, ಹೊರಗೆ ಚಾಚಿದ ಅಂಚು ಹಾಗೇ ಬಿಟ್ಟೆ.
ಇದನ್ನು ಕೆರೆಯೋದಿಲ್ಲವಾ ಕಾಕಾ, ಅಂದ.
ಮೊಳೆ ಉಗುಳಿದೆ. ಇರಲಿ, ಅಂದೆ.
ಅವನು ಆ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತಾ ಕೂತ
ಚೆಂಡಿನ ಹೊಲಿಗೆ ಹುಡುಕುವವನ ಹಾಗೆ.
ಅಷ್ಟರಲ್ಲಿ ಢಾಕಾದ ಲಾಂಚು ಕೂಗಿತು,
ನೂರರ ನೋಟು ಇಟ್ಟು ಎದ್ದ. ನನ್ನಲ್ಲಿ ಚಿಲ್ಲರೆಯಿಲ್ಲ.
ಇನ್ನೂ ಮೂವತ್ತು ಟಾಕಾ ಅವನಿಗೆ ಕೊಡುವುದಿದೆ.