ಕೊಂಡಿ

ವಾರಕ್ಕೆರಡು ದಿನ ಧಾರವಾಡದಿಂದ ಚಿಗರಿ ಬಸ್ಸು ಹಿಡಿದು
ಹುಬ್ಬಳ್ಳಿಯ ಠಾಣೆಗೆ ಹೋಗಿ ಕೂರುತ್ತೇನೆ.
ಎಂ.ಎ. ಸಮಾಜಶಾಸ್ತ್ರ, ಕೊನೆಯ ಸೆಮಿಸ್ಟರು.
ಪ್ರಬಂಧಕ್ಕೆಂದು ಸಾಹೇಬರು ಕೊಟ್ಟದ್ದು ಒಂದು ಸ್ಟೂಲು,
ಅದಕ್ಕೊಂದು ಕಾಲು ಗಿಡ್ಡ; ಕೆಳಗೆ ಯಾರೋ ಮಡಚಿ ತುರುಕಿದ್ದಾರೆ
ಜಾಗೃತಿ ಸಪ್ತಾಹದ ಕರಪತ್ರ:
ಓಟಿಪಿ ಯಾರಿಗೂ ಹೇಳಬೇಡಿ.

ಹೇಳಿದವರು ಬರುತ್ತಾರೆ.
ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ, ಗುಡಿಯೇನೋ ಎಂಬಂತೆ.
ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕುತ್ತಾರೆ,
ಅದರ ಮುಖ ನೋಡಲಾರದವರು.
ಅರ್ಜಿಯಲ್ಲಿ ಹದಿನಾಲ್ಕು ಕಾಲಮ್ಮು.
ನಾಚಿಕೆಗೆ ಒಂದೂ ಇಲ್ಲ.

ಕಳೆದ ತಿಂಗಳು ನಮ್ಮ ವಿಭಾಗಕ್ಕೆ ಬಂದ ಕಂಪ್ಯೂಟರಿನ ಸರ್
ಪರದೆಯ ಮೇಲೊಂದು ಸರಪಳಿ ತೋರಿಸಿ ಹೇಳಿದರು:
"ಗೋಡೆ ಗಟ್ಟಿ, ಗೂಢಲಿಪಿ ಗಟ್ಟಿ,
ಎಲ್ಲಕ್ಕಿಂತ ದುರ್ಬಲ ಕೊಂಡಿ ಮನುಷ್ಯ."
ಬರೆದುಕೊಂಡೆ. ಕೆಳಗೆ ಎರಡು ಗೆರೆ.
ಕೊಂಡಿ ಎಂದರೆ ನನಗೆ ಮಾತ್ರ ಬೆಟಗೇರಿಯ ನಮ್ಮ ಬಾಗಿಲದು:
ಹೊರಗಿನಿಂದಲೇ ಸಂದಿಯಲ್ಲಿ ಕೈ ಹಾಕಿ ಎತ್ತಬಹುದಿತ್ತು.
ಬಾಜೂ ಮನೆಯ ಹಸೀನಾಬಿ ಹಾಗೇ ಒಳಬಂದು
ಹೆಪ್ಪಿಗೆ ಮಜ್ಜಿಗೆ ಒಯ್ಯುತ್ತಿದ್ದಳು, ಅವ್ವ ಮಗ್ಗದಿಂದ ಏಳದಿದ್ದರೂ.
ಅದು ದುರ್ಬಲ ಎಂದು ಆಗ ಯಾರೂ ಹೇಳಿರಲಿಲ್ಲ.

ದಾಕ್ಷಾಯಣಿ ಕಾಕುವಿನದು ಸಪ್ತಾಪುರದಲ್ಲಿ ಖಾನಾವಳಿ.
ಒಂದು ಲಕ್ಷ ಎಂಬತ್ತು ಸಾವಿರ, ಹತ್ತೊಂಬತ್ತು ನಿಮಿಷ.
"ನಂಬರ ಯಾಕ ಹೇಳಿದ್ರಿ?" ಎಂದರು ಪೇದೆ, ಬೈಯುವ ದನಿಯಲ್ಲೇನಲ್ಲ.
ಕಾಕು ಗೋಡೆಯ ಗಡಿಯಾರ ನೋಡಿದಳು: ರೊಟ್ಟಿ ಬಡಿಯುವ ಹೊತ್ತು.
"ಅಂವ ಮೊದಲ ಕೇಳಿದ್ದು ನಂಬರಲ್ರಿ.
ಅವ್ವಾರ, ಊಟ ಆತೇನ್ರೀ ಅಂದಾ.
ಹನ್ನೊಂದ ವರ್ಸ ಹುಡುಗೂರಿಗೆ ಉಣ್ಣಾಕ ಹಾಕೇನಿ,
ನಿಂದ ಆತೇನು ಅಂತ ಕೇಳಿದಾಂವ ಅಂವ ಒಬ್ಬನ."
ಪೇದೆಯ ಬೆರಳು ಕೀಲಿಗಳ ಮೇಲೆ ನಿಂತವು.
ಕಾಲಮ್ಮು ಒಂಬತ್ತು: ವಂಚನೆಯ ವಿಧಾನ.
ಸ್ವಲ್ಪ ಹೊತ್ತು ಬಿಟ್ಟು ಟೈಪಿಸಿದರು: ಕರೆ.

ಹಣ ಮೊದಲು ಇಳಿದದ್ದು ಬ್ಯಾಡಗಿಯ ಒಂದು ಖಾತೆಯಲ್ಲಿ.
ನೋಟೀಸು ಹಿಡಿದು ಬಂದ ಫಕ್ಕೀರೇಶ, ನನಗಿಂತ ಒಂದು ವರ್ಷ ಸಣ್ಣವ.
ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ; ಅಂಗಿಯ ಘಾಟಿಗೆ
ನಾನು, ಪೇದೆ, ಸಾಹೇಬರು, ಮೂವರೂ ಸೀನಿದೆವು.
"ನಾ ಕದ್ದಿಲ್ರೀ. ದೋಸ್ತ ಪಾಸ್‌ಬುಕ್ಕು, ಸಿಮ್ಮು ಕೇಳಿದಾ,
ಮೂರ ಸಾವಿರ ಕೊಟ್ಟಾ. ಎರಡ ತಿಂಗಳಿಗೆ ಅಂದಾ."
ಮೆಣಸಿನ ತೊಟ್ಟು ಬಿಡಿಸಿ ಬಿಡಿಸಿ ಅವನ ಅವ್ವನ
ಹೆಬ್ಬೆರಳ ಗೆರೆ ಸವೆದಿವೆಯಂತೆ;
ರೇಷನ್ ಅಂಗಡಿಯ ಯಂತ್ರ ತಿಂಗಳಾ ತಿಂಗಳಾ
ಇವಳು ಇವಳಲ್ಲ ಎನ್ನುತ್ತದಂತೆ.
ಮಗನ ಗುರುತು ಮಾತ್ರ ಅವನಿಲ್ಲದೆ
ಎಂಟು ಊರು ಓಡಾಡಿ ಬಂದಿತ್ತು.

ಇದನ್ನೆಲ್ಲ ಬರೆದು ಗೈಡಿಗೆ ಕೊಟ್ಟೆ.
ಕೆಂಪು ಶಾಯಿಯಲ್ಲಿ ಮೇಡಂ: "ಕಥೆ ಚೆನ್ನಾಗಿದೆ. ದತ್ತಾಂಶ ಎಲ್ಲಿ?
ಒಪ್ಪಿಗೆ ಪತ್ರ ಲಗತ್ತಿಸಿಲ್ಲ."

ಪತ್ರ ಹಿಡಿದು ನಿನ್ನೆ ಸಂಜೆ ಖಾನಾವಳಿಗೆ ಹೋದೆ.
ಬಾಗಿಲಲ್ಲೇ, ರೂಢಿಯಂತೆ, "ಕಾಕು, ಊಟ ಆತ?" ಎಂದೆ;
ಎಂದ ಮೇಲೆ ನಾಲಗೆ ಕಚ್ಚಿಕೊಂಡೆ.
ಸಂಶೋಧನಾ ವಿಧಾನದ ನಮ್ಮ ಪಠ್ಯದಲ್ಲಿ ಅದಕ್ಕೊಂದು ಹೆಸರಿದೆ:
ಆಪ್ತತೆ ಬೆಳೆಸುವುದು, ಅಧ್ಯಾಯ ಆರು.
ಕಾಕು ಹಿಟ್ಟಿನ ಕೈ ಒರೆಸಿ ಪೆನ್ನು ಇಸಿದುಕೊಂಡಳು.
ಎಲ್ಲಿ, ಎಂದಳು. ಇಲ್ಲಿ, ಎಂದೆ. ಸಹಿ.
"ಓದ್ರಿ ಕಾಕು."
"ನೀ ತಂದೀಯಲ್ಲ, ಓದೂದೇನೈತಿ?"

ಚೇಳಿನ ಬಾಲದ ತುದಿಗೂ ಕೊಂಡಿ ಎನ್ನುತ್ತೇವೆ.
ಅದು ನೆನಪಾದದ್ದು ಆಗ.

ಕೂತು ನಾನೇ ಓದಿದೆ, ಗಟ್ಟಿಯಾಗಿ, ಎರಡೂ ಪುಟ:
ನಿಮ್ಮ ಹೆಸರು ಬದಲಿಸಲಾಗುವುದು (ಬದಲಿಸಿದ್ದೇನೆ),
ಯಾವಾಗ ಬೇಕಾದರೂ ನೀವು ಹಿಂದೆ ಸರಿಯಬಹುದು...
ಹೆಂಚಿನ ಮೇಲೆ ರೊಟ್ಟಿ ಉಬ್ಬಿತು, ಇಳಿಯಿತು.
ಕಿವಿಗೆ ಬಿತ್ತೋ ಇಲ್ಲವೋ. ಮುಗಿದಾಗ ಕೇಳಿದಳು:
"ನಿಂದ ಊಟ ಆತೇನ?"

ಆಗಿರಲಿಲ್ಲ.
ಹೇಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ.