ಭರ್ತಿ

ಜೂನಿನಲ್ಲಿ ರೋಹಿದಾಸ ಬಾನಾವಳಿ ಕೇಳಿದ್ದ:
"ಸರ್, ಭರ್ತಿ ದಿನಾ ಮುಕ್ಕಾಲು ತಾಸು ತಡ ಮಾಡೂದು ಯಾಕೆ?"
ಮೇಜಿನ ಮೇಲೆ ಇಲಾಖೆಯ ನೋಟೀಸು:
ಫಲಿತಾಂಶ ಐವತ್ತೆಂಟು, ಕಾರಣ ಕೊಡಿ.
"ಪರೀಕ್ಷೆಗೆ ಬರೂದಿಲ್ಲ, ಕೂತ್ಕೊ" ಅಂದೆ.

ಆಮೇಲೆ ಪಾಸಿಂಗ್ ಪ್ಯಾಕೇಜು, ಎಂಟೇ ಎಂಟು ಚಿತ್ರ,
ಬೆಳಿಗ್ಗೆ ಏಳಕ್ಕೆ ವಿಶೇಷ ತರಗತಿ,
ಬಿಟ್ಟ ಸ್ಥಳ ಭರ್ತಿ ಮಾಡಿ, ಮತ್ತೊಮ್ಮೆ ಮಾಡಿ.
ಕಣ್ಣಿನ ಚಿತ್ರ ಬಿಡಿಸಿ ಬಿಡಿಸಿ
ಯಾರ ಕಣ್ಣನ್ನೂ ನೋಡದೆ ಡಿಸೆಂಬರ್ ಮುಗಿಯಿತು.

ಜನವರಿಯಲ್ಲಿ ಅವನ ಬೆಂಚು ಖಾಲಿ.
ಬೈತಖೋಲಕ್ಕೆ ಹುಡುಕಿ ಹೋದೆ,
ಅವನಿಗಾಗಿಯೋ ಶೇಕಡಾವಾರಿಗಾಗಿಯೋ, ಕೇಳಬೇಡಿ.
ಬಲೆಯ ಹರುಕು ಹೊಲಿಯುತ್ತಿದ್ದ. ಕೈಯಲ್ಲಿ ವಾಚಿಲ್ಲ.
"ಸರ್, ಚಪ್ಪಲಿ ಈಚೆ ಇಡಿ, ನೀರು ಏರ್ತದೆ ಈಗ."
ಏರಿತು.

ದಕ್ಕೆಯ ಮೇಲೆ ಕೂತೆ.
ತಾರ್ಲೆ ಬುಟ್ಟಿ ಭೂಮಿ, ಐಸಿನ ಚೂರು ಚಂದ್ರ.
ಬುಟ್ಟಿ ಒಂದು ಸುತ್ತು ಬರುವಷ್ಟರಲ್ಲಿ
ಚಂದ್ರ ತುಸು ಮುಂದೆ ಹೋಗಿರುತ್ತಾನೆ,
ಅವನನ್ನು ಹಿಡಿಯಲಿಕ್ಕೆ ಅಷ್ಟು ತಡ.
ಏಳು ತಿಂಗಳ ಬಾಕಿ, ತೀರಿಸಿದೆ ಅಂದುಕೊಂಡೆ.
ಬೆರಳ ಸಂದಿಯಿಂದ ಚಂದ್ರ ಸೋರುತ್ತಿತ್ತು.

ಪೂರ್ತಿ ಕೇಳಿದ ಹುಡುಗ.
ದಾರ ಹಲ್ಲಲ್ಲಿ ಕಡಿದು, ತಲೆ ಎತ್ತದೆ:
"ಎಷ್ಟು ಮಾರ್ಕಿಂದು ಸರ್, ಇದು?"