ಮುಚ್ಚಳದ ಮೇಲಿನ ಅಂಕಿ

ಊರಿನ ಹೆಸರು ಸಾಗರ.
ಕಡಲು ಮಾತ್ರ ಘಟ್ಟದ ಕೆಳಗೆ, ಮೂರು ತಾಸಿನ ದಾರಿ.
ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು
ಭಟ್ಕಳದಿಂದ ಹೊನ್ನಾವರದವರೆಗಿನ ನೀರನ್ನು
ಎರಡೆರಡು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ
ಒಂದೊಂದಕ್ಕೂ ಒಂದು ಬಿಸಿ ಕೊಟ್ಟು
ಮಾದರಿಯನ್ನು ಓಡಲು ಬಿಡುತ್ತೇನೆ.

ಓಡುತ್ತದೆ. ಮೂರನೇ ದಿನಕ್ಕೆ ದಾರಿ ತಪ್ಪುತ್ತದೆ.
ಲೆಕ್ಕ ಪಕ್ಕಾ ಇರುವವರಿಗೆ
ತಪ್ಪು ಗೊತ್ತಾಗುವುದು ತಡ.

ಆಗ ಉಪಗ್ರಹ ಬೇಕು.
ರಾತ್ರಿ ಒಂದೂವರೆಗೆ ತಲೆಯ ಮೇಲೆ ಹಾದು
ಕಡಲಿನ ಚರ್ಮ ಮುಟ್ಟಿ ಹೋಗುತ್ತದೆ, ಬರೀ ಚರ್ಮ,
ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು
ಒದ್ದೆ ಬೆರಳು ತಾಗಿಸಿದಷ್ಟು ಹೊತ್ತು.

ಆಗಸ್ಟಿನಲ್ಲಿ ಅದೂ ಇಲ್ಲ.
ಹದಿನೇಳು ದಿನದಿಂದ ಪರದೆಯ ಮೇಲೆ ಬಿಳಿ ತೇಪೆ.
ಚಹಾಕ್ಕೆಂದು ಕೆಳಗಿಳಿದು ತಲೆಯೆತ್ತಿದರೆ
ಅದೇ ಮೋಡ. ಕಡಲಿಂದೆದ್ದು,
ಕಡಲನ್ನೇ ನನ್ನಿಂದ ಮುಚ್ಚಿಟ್ಟು,
ಕೊಡಚಾದ್ರಿ ದಾಟಿ ಬಂದು
ನನ್ನ ಕೊಡೆಯ ಮೇಲೆ ತೊಟ್ಟಿಕ್ಕುತ್ತಿದೆ.

ಜಟ್ಟಪ್ಪ ಮೊಗೇರ ಕೋಗಾರು ಘಾಟಿ ಹತ್ತಿ
ಮೀನಿನ ಗಾಡಿ ತರುತ್ತಾನೆ, ಬುಧವಾರ, ಶನಿವಾರ.
ಅವನ ಭಾವನ ದೋಣಿಗೆಂದು ಒಂದು ಥರ್ಮಾಮೀಟರು ಕೊಟ್ಟಿದ್ದೆ,
ಹಗ್ಗ ಕಟ್ಟಿ. ನಕ್ಕಿದ್ದ.
ಇವತ್ತು ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತಂದುಕೊಟ್ಟ.
ನೀಲಿ ಪೆನ್ನಿನಲ್ಲಿ:
ಇಪ್ಪತ್ನಾಲ್ಕೂವರೆ. ಇಪ್ಪತ್ನಾಲ್ಕು. ಇಪ್ಪತ್ಮೂರು ಮುಕ್ಕಾಲು.
ಒಂದು ಸಾಲು ಬಂಗಡೆಯ ನೀರಿಗೆ ಕರಗಿಹೋಗಿದೆ.
"ಅಡಿನೀರು ಮೇಲೆ ಬಂದದೆ ಅಕ್ಕ.
ಥಂಡಿ. ಬಲೆ ಹಿಡೂಕೆ ಆಗೂದಿಲ್ಲ.
ನಿಮ್ಮ ಲೆಕ್ಕ ಏನು ಹೇಳ್ತದೆ?"

ಲೆಕ್ಕ ಇಪ್ಪತ್ತೆಂಟು ಹೇಳಿತ್ತು.

ನನ್ನ ಕೆಲಸ ಇಷ್ಟೇ:
ಯಾರ ಮಾತಿಗೆ ಎಷ್ಟು ತೂಕ ಎಂದು ಗೊತ್ತುಮಾಡುವುದು.
ಉಪಗ್ರಹದ ಮೇಲೆ ಅರ್ಧ ಡಿಗ್ರಿ ಅನುಮಾನ,
ಮಾದರಿಯ ಮೇಲೆ ಒಂದೂವರೆ. ಎರಡನ್ನೂ ತಕ್ಕಡಿಗಿಟ್ಟು
ನಡುವೆಲ್ಲೋ ನೀರನ್ನು ನಿಲ್ಲಿಸಬೇಕು.
ಈ ಮುಚ್ಚಳದ ಮೇಲೆ ಎಷ್ಟು?
ಅಲುಗುವ ದೋಣಿ, ಒದ್ದೆ ಕೈ, ನಸುಗತ್ತಲು,
ಓದಿದವನಿಗೆ ಕನ್ನಡಕ ಇದೆಯೋ ಇಲ್ಲವೋ.

ಎರಡು ಎಂದು ಬರೆದೆ. ಅಳಿಸಿದೆ.
ಒಂದು ಎಂದು ಬರೆದೆ.

ತೀರದುದ್ದಕ್ಕೂ ಚೌಕಗಳು
ಒಂದೊಂದಾಗಿ ನೀಲಿಗೆ ತಿರುಗಿದವು.
ಶರಾವತಿ ಸೇರುವಲ್ಲಿ ಮಾತ್ರ ಹಳೆಯ ಕೆಂಪು ಹಠ ಹಿಡಿದಿದೆ;
ಅಲ್ಲಿಯ ಅಂಕಿ ಇದ್ದದ್ದು ಕರಗಿಹೋದ ಸಾಲಿನಲ್ಲಿ.

ಶನಿವಾರ ಕೇಳಬೇಕು.
ಮುಚ್ಚಳ ಕಿಟಕಿಯಲ್ಲಿ ಒಣಗುತ್ತಿದೆ.
ಟೈರ್ ಅಂಗಡಿಯ ಬೆಕ್ಕು ಮೆಟ್ಟಿಲು ಹತ್ತಿ ಬಂದು
ಅಂಕಿಗಳನ್ನೇ ನೋಡುತ್ತಾ ಕೂತಿದೆ,
ಅದಕ್ಕೆ ಯಾವ ಅನುಮಾನವೂ ಇಲ್ಲ.